ಮುಂದಿದ್ದವಳ ಕೈ

ಬೇಲಿಯ ಮುಳ್ಳುತಂತಿಗೆ ಸಿಕ್ಕ ಉಣ್ಣೆ, ಒದ್ದೆ, ತುದಿಯಲ್ಲಿ ನೀಲಿ ಬಣ್ಣ ಮೆತ್ತಿದೆ, ನೀಲಿ ಅಂದರೆ ರೈತ ಮಾಸಿ ಶೇಯ ಕುರಿ, ಲೋನಿಯವರದಕ್ಕೆ ಕೆಂಪು, ಸೇತುವೆಯ ಆಚೆಯವರದಕ್ಕೆ ಎರಡು ಹಸಿರು ಗೆರೆ — ಮೂವತ್ತೊಂದು ವರ್ಷ ಈ ಸೀಮೆಯಲ್ಲಿ ಟಪಾಲು ಹಂಚಿದ ಗಬ್ನಿಟ್ ಕ್ರೋಲಿಗೆ ಇವೆಲ್ಲ ಬಾಯಿಪಾಠ, ಯಾರ ನಾಯಿ ಕಚ್ಚುತ್ತದೆ, ಯಾರಿಗೆ ಅಮೆರಿಕದಿಂದ ಕಾಗದ ಬರುವುದು ನಿಂತಿತು, ಎಲ್ಲ ಗೊತ್ತು, ಇವತ್ತು ಹೇಳಬೇಕಾದ ಒಂದೇ ಒಂದು ಮಾತು ಮಾತ್ರ ಬಾಯಿಗೆ ಬರುತ್ತಿಲ್ಲ, ಎರಡು ವರ್ಷವಾಯಿತು, ಸೈಕಲ್ಲಿನ ಗೇರು ಇಳಿಸು, ಇಳಿಸಾಯಿತು, ಇನ್ನು ಇಳಿಸಲು ಗೇರೇ ಇಲ್ಲ, ಅರವತ್ತೆರಡರ ಮಂಡಿ ಕಟಕ್ ಅನ್ನುತ್ತದೆ, ಹೀಲಿ ಘಾಟಿಯ ಈ ತಿರುವಿನಲ್ಲೇ ಟೈಗ್ ಹಿಂದಿನಿಂದ ಕೂಗುತ್ತಿದ್ದ, ವಾರವೆಲ್ಲ ಬಸ್ಸಲ್ಲಿ ನಲವತ್ತು ಪಿಶಾಚಿಗಳು ನನ್ನ ಬೆನ್ನು ನೋಡ್ತಾವೆ ಕಣೇ, ಭಾನುವಾರ ಒಂದಿನ ನಾನು ನಿನ್ನ ಬೆನ್ನು ನೋಡ್ತೀನಿ, ಅದೇನು ಅಂಥ ನೋಡೋ ಬೆನ್ನಲ್ಲ ಬಿಡು. ಶಾಲೆ ಬಸ್ಸಿನ ಡ್ರೈವರು ಟೈಗ್ ಹ್ಯಾರಿಂಗ್ಟನ್, ಹನ್ನೊಂದು ವರ್ಷ ಅವಳ ಹಿಂದಿನ ಚಕ್ರಕ್ಕೆ ಅಂಟಿಕೊಂಡೇ ಸೈಕಲ್ಲು ತುಳಿದವನು, ಒಂದು ಗೇಣು ಅಂತರ, ಅಷ್ಟೇ, ಗಾಳಿಯನ್ನು ಅವಳು ಸೀಳಬೇಕು, ಅವನು ಅವಳ ನೆರಳಲ್ಲಿ ಬರಬೇಕು, ಹಾಗೆ ಬರುವವನಿಗೆ ರಸ್ತೆ ಕಾಣುವುದಿಲ್ಲ, ಮುಂದಿನವಳ ಬೆನ್ನು ಕಾಣುತ್ತದೆ, ಚಕ್ರ ಕಾಣುತ್ತದೆ, ಕೈ ಕಾಣುತ್ತದೆ, ಗುಂಡಿ ಬಂದರೆ ಕೈ ಕೆಳಗೆ ಮಾಡಿ ಬೆರಳು ತೋರಿಸಬೇಕು, ಭಾನುವಾರ ಜೊತೆಗೆ ಹೋಗುವ ಹನ್ನೊಂದು ಜನಕ್ಕೂ ಮೊದಲ ದಿನವೇ ಹೇಳಿಕೊಡುವುದು ಇದು, ಇನ್ನೇನು ಕಲಿಯದಿದ್ದರೂ ಇದನ್ನು ಕಲಿ. ಅವಳೇ ಎಷ್ಟು ಜನಕ್ಕೆ ಕಲಿಸಿದ್ದಾಳೆ. ಕೈ ಮೇಲೆ ಹೋಯಿತು. ಕೆಳಗೆ ಹೋಗಬೇಕಾದ ಕೈ ಮೇಲೆ ಹೋಯಿತು, ಅಯ್ಯೋ ದೇವರೇ, ಅದನ್ನು ಈಗ ಬೇಡ, ಮೊದಲು ಘಾಟಿ ಹತ್ತಬೇಕು.

ಮೇಲೆ ಮಂಜು, ಶಿಲುಬೆಯ ಬಿಳಿ ಅಮೃತಶಿಲೆ ಅರ್ಧ ಮಾತ್ರ ಕಾಣುತ್ತದೆ, ಅಲ್ಲಿಗೆ ಕಾರ್ಕ್ ಮುಗಿದು ಕೆರಿ ಸೀಮೆ ಶುರು, ಇಬ್ಬರು ಪ್ರವಾಸಿಗಳು ಹೊಳೆಯುವ ಬಾಡಿಗೆ ಸೈಕಲ್ಲು ಹಿಡಿದು ನಕಾಶೆ ಮಡಿಸಲಾಗದೆ ಒದ್ದಾಡುತ್ತಿದ್ದಾರೆ, ಯಾವ ಕಡೆ ಇಳಿದರೆ ಚೆಂದ ಎಂದು ಕೇಳಿದರು, ಎರಡೂ ಕಡೆ ಚೆಂದ, ಎರಡೂ ಕಡೆ ಒದ್ದೆ ಅಂದಳು, ನಕ್ಕರು, ಅವಳೂ ನಕ್ಕಳು, ಹೀಗೆ ನಗುವುದಕ್ಕೆ ತನಗೆ ನಾಚಿಕೆಯಾಗುವುದಿಲ್ಲವಲ್ಲ, ಕೆಳಗೆ ಸರೋವರ ಇರಬೇಕಾದ ಜಾಗದಲ್ಲಿ ಬೂದು ಬಣ್ಣ, ಅಷ್ಟೇ. ಬಿದ್ದ ದಿನ ಟೈಗ್ ಆ ಸರೋವರ ನೋಡುತ್ತಿದ್ದ ಅಂತ ಎಲ್ಲರೂ ಅಂದರು. ಮೊದಲು ಯಾರು ಅಂದರೋ, ಆಂಬುಲೆನ್ಸು ಹೋದಮೇಲೆ ರಸ್ತೆ ಬದಿಯಲ್ಲಿ ನಿಂತು ಯಾರೋ ಒಬ್ಬರು, ನೋಟ ನೋಡ್ಕೊಂಡು ಬಂದಿರಬೇಕು ಪಾಪ, ಪೊಲೀಸಿನವನೂ ಅದನ್ನೇ ಬರೆದುಕೊಂಡ, ಗಬ್ನಿಟ್ ಸುಮ್ಮನಿದ್ದಳು, ಸುಮ್ಮನಿದ್ದದ್ದನ್ನು ಹೌದು ಅಂದುಕೊಂಡರು. ಆಮೇಲೆ ಡಬ್ಲಿನ್ನಿನ ಆಸ್ಪತ್ರೆಗೆ ನಾಲ್ಕು ಸಲ ಹೋದಳು, ನಾಲ್ಕು ಸಲವೂ ದ್ರಾಕ್ಷಿ ಒಯ್ದಳು, ನಾಲ್ಕು ಸಲವೂ ಹೇಳಬೇಕೆಂದೇ ಹೋದದ್ದು, ಕತ್ತಿಗೆ ಕಬ್ಬಿಣದ ಚೌಕಟ್ಟು ಹಾಕಿಸಿಕೊಂಡು ಮಲಗಿದವನ ಮುಂದೆ ಏನಂತ ಹೇಳುವುದು, ದ್ರಾಕ್ಷಿ ತೊಳೆದು ಒಂದೊಂದೇ ತಿನ್ನಿಸಿ ಬಂದಳು. ಅವನ ಹೆಂಡತಿ ಬ್ರೀಡಾ ಹಾಸಿಗೆಯ ಆಚೆ ಬದಿ ಕೂತು ಅವನನ್ನೇ ಬೈಯುತ್ತಿದ್ದಳು, ನೂರು ಸಲ ಬಡ್ಕೊಂಡೆ, ರಸ್ತೆ ನೋಡು, ನೀರು ನೋಡ್ಬೇಡ ಅಂತ, ನಮ್ಮ ನೀರು ಎಲ್ಲಿಗಾದ್ರೂ ಓಡಿಹೋಗ್ತಿತ್ತಾ. ಅವನು ಹೂಂ ಅನ್ನುತ್ತಿದ್ದ. ಎರಡು ವರ್ಷದಿಂದ ಅವಳು ಬೈಯುತ್ತಿದ್ದಾಳೆ, ಅವನು ಹೂಂ ಅನ್ನುತ್ತಿದ್ದಾನೆ, ಗಬ್ನಿಟ್ ಟಪಾಲಿನ ಕೆಲಸದಿಂದ ನಿವೃತ್ತಿ ಪಡೆದು ಮನೆಯ ಮುಂದೆ ಈರುಳ್ಳಿ ಬೆಳೆಯುತ್ತಿದ್ದಾಳೆ.

ಇಳಿಜಾರು. ಬ್ರೇಕು ಒದ್ದೆ, ಚೀ ಅನ್ನುತ್ತದೆ, ಮುಖಕ್ಕೆ ಹನಿ ಚುಚ್ಚುತ್ತದೆ, ಸೋಮವಾರ ಬ್ರೀಡಾ ಫೋನು ಮಾಡಿದಾಗಿನಿಂದ ನಿದ್ದೆಯಿಲ್ಲ, ಗುರುವಾರ ಚಹಾಕ್ಕೆ ಬಾರೇ, ನಿನ್ನನ್ನೇ ಕೇಳ್ತಿದಾನೆ, ಅವನಿಗೆ ಆ ದಿನದ್ದು ಸ್ವಲ್ಪ ಸ್ವಲ್ಪ ನೆನಪು ಬರ್ತಿದೆ ಕಣೇ, ನನ್ನ ಹತ್ರ ಹೇಳಲ್ಲ, ನಿನ್ನ ಹತ್ರಾನೇ ಹೇಳ್ಬೇಕಂತೆ. ಅವನ ಬಾಯಿಂದ ಬರುವ ಮೊದಲು ತನ್ನ ಬಾಯಿಂದ ಬರಬೇಕು, ಅಷ್ಟಾದರೂ ಮಾನ ಉಳಿಯಬೇಕು, ಬಾಗಿಲು ತೆಗೆದ ತಕ್ಷಣ ಹೇಳಿಬಿಡಬೇಕು, ಕೋಟು ಕಳಚುವ ಮೊದಲು, ಚಹಾ ಕುಡಿದಮೇಲೆ ಹೇಳಲಾಗದು, ಒಬ್ಬರ ಮನೆಯ ರೊಟ್ಟಿ ತಿಂದು ಹಾಗೆ ಹೇಳಲಾಗದು. ಕೊನೆಯ ತಿರುವು ದಾಟಿದರೆ ನೇರ ರಸ್ತೆ, ಎಡಕ್ಕೆ ಕಲ್ಲುಗೋಡೆ, ಬಲಕ್ಕೆ ಗೇಟು, ಅವತ್ತು ಮೇ ತಿಂಗಳ ಬಿಸಿಲು, ಉಳಿದವರು ಇನ್ನೂ ಘಾಟಿಯ ಮೇಲೆ, ಹಿಂದೆ ಟೈಗ್ ಒಬ್ಬನೇ, ಗುಂಡಿ ದೂರದಿಂದಲೇ ಕಂಡಿತ್ತು, ಹೌದು, ಕಂಡಿತ್ತು, ರೊಟ್ಟಿ ಬೇಯಿಸುವ ಹೆಂಚಿನಷ್ಟು ಅಗಲ, ಹ್ಯಾಂಡಲ್ಲು ಒಂದಿಷ್ಟು ತಿರುಗಿಸಿ ತಾನು ತಪ್ಪಿಸಿಕೊಂಡಳು, ಅದೇ ಹೊತ್ತಿಗೆ ಗೇಟಿನಲ್ಲಿ ಮಾಸಿ ಶೇಯ ಟ್ರಾಕ್ಟರು, ಮಾಸಿ ಸ್ಟೀರಿಂಗಿನಿಂದ ಒಂದು ಬೆರಳು ಎತ್ತಿದ, ಈ ಸೀಮೆಯಲ್ಲಿ ರಸ್ತೆಯಲ್ಲಿ ಎದುರಾದವರಿಗೆಲ್ಲ ಬೆರಳು ಎತ್ತುತ್ತಾರೆ, ಎತ್ತದವನನ್ನು ಸೊಕ್ಕಿನವನು ಅನ್ನುತ್ತಾರೆ, ಟಪಾಲಿನವಳಂತೂ ದಿನಕ್ಕೆ ಇನ್ನೂರು ಸಲ ಎತ್ತಿದವಳು, ಬೆರಳಲ್ಲ, ಇಡೀ ಕೈ, ಕೈ ತಾನಾಗಿ ಮೇಲೆ ಹೋಯಿತು. ಹಲೋ ಮಾಸಿ. ಹಿಂದೆ ಗೋಣಿಚೀಲ ಬಿದ್ದಂಥ ಸದ್ದು. ಆಮೇಲೂ ಹತ್ತು ಮಾರು ಮುಂದೆ ಹೋದಳು, ಟೈಗ್ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು. ಮಾಸಿ ಅಂಗಡಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿದ, ಆ ಕ್ಷಣಕ್ಕೂ ನಂಗೆ ಕೈ ಎತ್ತಿ ಹೋದ್ಲು ಪುಣ್ಯಾತ್ಗಿತ್ತಿ, ಎಲ್ಲರೂ ಕೇಳಿದರು, ಒಬ್ಬರಿಗೂ ಹೊಳೆಯಲಿಲ್ಲ, ಕೈ ಎತ್ತಿದವಳು ಗುಂಡಿ ತೋರಿಸಲು ಕೈ ಇಳಿಸಿದ್ದು ಯಾವಾಗ ಅಂತ ಒಬ್ಬರಾದರೂ ಕೇಳಬಾರದಿತ್ತೇ. ಈಗ ಗುಂಡಿ ಇಲ್ಲ, ಡಾಂಬರು ಮೆತ್ತಿದ್ದಾರೆ, ಸುತ್ತಲಿಗಿಂತ ಕಪ್ಪಗೆ, ನುಣ್ಣಗೆ, ಅದರ ಮೇಲೆ ಹಾಯುವ ಧೈರ್ಯವಾಗದೆ ಬದಿಗೆ ಸರಿದು ಹೋದಳು.

ಬ್ರೀಡಾ ಬಾಗಿಲು ತೆಗೆದಳು, ಕೈಯೆಲ್ಲ ಹಿಟ್ಟು, ಬಾರೇ ಒಳಗೆ, ನೆಂದು ತೊಪ್ಪೆಯಾಗಿದೀಯ, ಈ ಮಳೇಲಿ ಸೈಕಲ್ಲಲ್ಲಿ ಬರ್ತಾರಾ ಯಾರಾದ್ರೂ, ಕೋಟು ಕೊಡು, ಒಲೆ ಹತ್ರ ಒಣಗಾಕ್ತೀನಿ, ಕೋಟು ಆಗಲೇ ಕೈಬಿಟ್ಟು ಹೋಗಿತ್ತು. ಹೇಳು, ಈಗ ಹೇಳು. ಗಾಲಿಕುರ್ಚಿ ಕಿಟಕಿಯ ಹತ್ತಿರ, ಅದರಲ್ಲಿ ಅವನು, ಎಷ್ಟು ಸಣ್ಣಗಾಗಿದ್ದಾನೆ, ಮಂಡಿಯ ಮೇಲೆ ಕಂಬಳಿ, ತೊಡೆಗಳು ಎಲ್ಲಿ ಹೋದವು, ಘಾಟಿಯನ್ನು ನಿಂತೇ ತುಳಿಯುತ್ತಿದ್ದ ತೊಡೆಗಳು, ಏನೇ ಗಬ್ನಿಟ್, ಘಾಟಿ ಎಷ್ಟು ನಿಮಿಷ, ಹೇಳ್ಬೇಡ ಬಿಡು, ನಂಗೆ ಬೇಜಾರಾಗುತ್ತೆ. ಕಣ್ಣು ಮಾತ್ರ ಅದೇ. ಟೈಗ್, ನಾನು ಒಂದು ಮಾತು, ಅಂದಳು, ಮೊದಲು ನನ್ನದು ಕೇಳು, ಅಂದ ಅವನು, ಎರಡು ವರ್ಷದಿಂದ ಹುಡುಕ್ತಾ ಇದ್ದೆ, ಹೋದವಾರ ಸಿಕ್ತು, ನಿನ್ನ ಕೈ ನೆನಪಿಗೆ ಬಂತು. ಬ್ರೀಡಾ ಹಿಟ್ಟಿನ ಕೈ ಹಾಗೇ ಹಿಡಿದು ನಿಂತಳು. ಮುಗಿಯಿತು, ತಡವಾಯಿತು, ಅವನೇ ಹೇಳುತ್ತಾನೆ, ಹೇಳಲಿ, ಬೈಯಲಿ, ಬೈದುಬಿಡು ಮಹರಾಯ, ಎರಡು ವರ್ಷದಿಂದ ಕಾಯುತ್ತಿದ್ದೇನೆ.

ನೀನು ತೋರ್ಸಿದ್ದೆ ಕಣೇ, ಅಂದ ಟೈಗ್. ಕೈ ಕೆಳಗೆ ಮಾಡಿ ಗುಂಡಿ ತೋರ್ಸಿದ್ದೆ. ಕಣ್ಣಿಗೆ ಕಟ್ಟಿದ ಹಾಗಿದೆ. ನಾನೇ ನೋಡ್ಲಿಲ್ಲ. ನನ್ನಿಂದ ನೀನೂ ಎರಡು ವರ್ಷ ಕೊರಗಿದೀಯ, ಕ್ಷಮಿಸಿಬಿಡು. ಇಲ್ಲ, ಅಂದಳು ಗಬ್ನಿಟ್, ತನ್ನ ದನಿ ತನಗೇ ದೂರದಿಂದ ಕೇಳಿತು, ಇಲ್ಲ ಟೈಗ್, ನಾನು ತೋರಿಸ್ಲಿಲ್ಲ, ಮಾಸಿಗೆ ಕೈ ಎತ್ತಿದೆ, ಗುಂಡಿ ಕಂಡಿತ್ತು, ನಿಂಗೆ ತೋರಿಸೋ ಬದ್ಲು ಮಾಸಿಗೆ ಕೈ ಎತ್ತಿದೆ. ಹೇಳಿಯಾಯಿತು, ಹೇಳಿಬಿಟ್ಟಳು, ಒಲೆಯ ಮೇಲೆ ನೀರು ಕುದಿಯುತ್ತಿದೆ, ಇನ್ನು ಏನಾದರೂ ಆಗಲಿ. ಬ್ರೀಡಾ ಬಂದು ಹಿಟ್ಟಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡಳು, ನೋಡಿದ್ಯಾ ಟೈಗ್, ನಾನು ಹೇಳ್ಲಿಲ್ವಾ, ಇವಳು ಊರವರ ತಪ್ಪನ್ನೆಲ್ಲ ತನ್ನ ತಲೆ ಮೇಲೆ ಹಾಕ್ಕೊಳ್ಳೋಳು, ನಿನ್ನ ತಪ್ಪನ್ನೂ ಹೊತ್ಕೊಳ್ಳೋಕೆ ಮಳೇಲಿ ಬಂದಿದಾಳೆ. ಅಲ್ಲ ಬ್ರೀಡಾ, ನಿಜವಾಗ್ಲೂ, ಮಾಸಿನ ಕೇಳು. ಮಾಸಿ ಹೇಳಿದಾನೆ ಬಿಡೇ, ನೀನು ಎಂಥೋಳು ಅಂತ ಎಲ್ರಿಗೂ ಗೊತ್ತು. ಟೈಗ್ ನಗುತ್ತಿದ್ದಾನೆ, ಕಣ್ಣಲ್ಲಿ ನೀರು, ಎರಡು ವರ್ಷದಲ್ಲಿ ಅವನು ಹೀಗೆ ಹಗುರಾಗಿ ನಕ್ಕದ್ದನ್ನು ಅವಳು ಕಂಡಿಲ್ಲ, ಅವನಿಗೆ ಆ ದಿನದಿಂದ ಉಳಿದಿರುವುದು ಇದೊಂದೇ, ಬೇರೇನೂ ನೆನಪಿಲ್ಲ, ಇದನ್ನೂ ಕಿತ್ತುಕೊಳ್ಳಲೇ, ಕಿತ್ತುಕೊಳ್ಳಲು ಹೋದರೂ ಅವನು ಬಿಡುವುದಿಲ್ಲ, ಸುಮ್ನಿರೇ ಅನ್ನುತ್ತಾನೆ, ನಾನು ಕಂಡಿದೀನಿ, ಇಲ್ನೋಡು, ಹೀಗೆ. ಕುರ್ಚಿಯ ಕೈಹಿಡಿಯಿಂದ ಅವನ ಬಲಗೈ ಮೆಲ್ಲಗೆ ಜಾರಿತು, ಭುಜ ನಡುಗಿತು, ಹಣೆಯಲ್ಲಿ ಬೆವರು ಬಂತು, ಕೈ ಜೋತುಬಿತ್ತು, ಅದರಲ್ಲಿ ಆಡುವುದು ಒಂದೇ ಬೆರಳು, ಆ ಬೆರಳನ್ನು ಅವನು ಬಿಡಿಸಿದ, ಬಲು ಕಷ್ಟಪಟ್ಟು ಬಿಡಿಸಿದ, ನೆಲದ ಕಡೆ ತೋರಿಸಿದ, ಹೀಗೆ, ನೀನು ಹೀಗೆ ತೋರ್ಸಿದ್ದು, ಬ್ರೀಡಾ ಬಟ್ಟಲು ಇಡುತ್ತಿದ್ದಾಳೆ, ಸಕ್ಕರೆ ಎಷ್ಟು ಎಂದು ಕೇಳುತ್ತಿದ್ದಾಳೆ, ಏನು ಹೇಳಬೇಕು, ಸಕ್ಕರೆ, ಎಷ್ಟು, ಆ ಬೆರಳು ಕೆಳಗೆ, ನಡುಗುತ್ತಿದೆ, ಆದರೂ ಕೆಳಗೆ, ನೆಲದ ಕಡೆ, ಆ ಬೆರಳು…