ಎದೆಗೆ ಎಷ್ಟು ವ್ಯಾಟ್ ಬೇಕು?

೧

ಅಂಗಡಿಯಿಂದ ಶುರು ಮಾಡಲೋ, ಜ್ವರದಿಂದಲೋ? ಜ್ವರ ಅಂದರೆ ನೀವು ಈಗಲೇ ಕರ್ಚೀಫು ಹುಡುಕುತ್ತೀರಿ. ಅಂಗಡಿ ಅಂದರೆ ಪುಟ ತಿರುವುತ್ತೀರಿ. (ನನಗೂ ಗಾಬರಿಯೇ. ಆಂಪ್ಲಿಫೈಯರ್ ಮೇಲೆ ಯಾರಾದರೂ ಕಥೆ ಬರೆಯುತ್ತಾರೆಯೇ?)

ಇರಲಿ. ೧೯೮೬. ಬಮ್ಮಿಗಟ್ಟಿಯ ಬೀರಲಿಂಗಪ್ಪ ಡೊಳ್ಳು ಬಾರಿಸುತ್ತಿದ್ದವನು. ಹಿಂದಿನ ವರ್ಷ ಬಂದ ಜ್ವರ ಅವನ ಎರಡೂ ಕಿವಿ ಒಯ್ದಿತು. ತಾಳ ತಪ್ಪಿದರೆ ತನಗೇ ಗೊತ್ತಾಗುವುದಿಲ್ಲವೆಂಬ ಭಯಕ್ಕೆ ಡೊಳ್ಳು ಮುಟ್ಟುವುದನ್ನೇ ಬಿಟ್ಟ. ಮಾತೂ ಕಡಿಮೆಯಾಯಿತು.

ಹೆಂಡತಿ ಸಾವಕ್ಕ ಬಟ್ಟೆ ಹೊಲಿಯುವವಳು. ಕಿವಿ ಹೋದ ಮೇಲೆ ಒಮ್ಮೆ ಟೆಂಟ್ ಸಿನಿಮಾದಲ್ಲಿ ಗಂಡ ದೊಡ್ಡ ಬೇಸ್ ಸ್ಪೀಕರ್ ಬಾಕ್ಸಿಗೆ ಬೆನ್ನು ಹಚ್ಚಿ ಕೂತು, ಅದರ ನಡುಕಕ್ಕೆ ತೊಡೆಯ ಮೇಲೆ ಬೆರಳು ಕುಣಿಸಿದ್ದನ್ನು ಅವಳು ಕಂಡಿದ್ದಳು. ಟೆಂಟಿನವರು ಡೇರೆ ಕಿತ್ತು ಹೊರಟಾಗ, ಅವರು ಮಾರಿದ ಎರಡು ಬಾಕ್ಸುಗಳನ್ನು ಚಕ್ಕಡಿಯಲ್ಲಿ ಮನೆಗೆ ತರಿಸಿದಳು.

೨

ಬರೀ ಬಾಕ್ಸು ಸಪ್ಪಳ ಮಾಡುವುದಿಲ್ಲ. ಅದಕ್ಕೆ ಆಂಪ್ಲಿಫೈಯರ್ ಬೇಕು. ಕಲಘಟಗಿಯ ರೇಡಿಯೋ ಅಂಗಡಿಯ ಕುಬೇರಪ್ಪ ಸಾವಕ್ಕನಿಗೆ ಎರಡು ತೋರಿಸಿದ: ಕಡಿಮೆ ವ್ಯಾಟಿನ ಸಣ್ಣದು, ಹೆಚ್ಚು ವ್ಯಾಟಿನ ದೊಡ್ಡದು.

“ಸಣ್ಣದಕ್ಕ ದಮ್ಮ ಸಾಲೂದಿಲ್ಲವಾ. ಭಾಳ ಏರಿಸಿದ್ರ ಒಡಕ ಸಪ್ಪಳ ಬರತೈತಿ, ಬಾಕ್ಸಿನೊಳಗಿನ ತಂತಿ ಕಾಯಿಲ್ ಸುಟ್ಟ ಹೋಗತೈತಿ.”

“ದೊಡ್ಡದ್ರೀ?”

“ಅದಕ್ಕ ದಮ್ಮ ಐತಿ. ಆದ್ರ ಅದನೂ ಹದ ಮೀರಿ ಏರಸಬಾರದು. ಒಡಕ ಕೇಳಿದ ಕೂಡ್ಲೆ ಇಳಸಬೇಕು.”

“ಹಚ್ಚಾವ್ರಿಗೆ ಕಿವಿ ಕೇಳೂದಿಲ್ಲರಿ.”

ಕುಬೇರಪ್ಪ ಅವಳ ಮುಖ ನೋಡಿದ.

(ಇಲ್ಲಿ ನಾನು ಸಣ್ಣದನ್ನೇ ಕೊಡಿಸಿ ಒಂದು ಡ್ರಾಫ್ಟ್ ಬರೆದೆ. ಅಗದಿ ಸೇಫ್ ಆಗಿತ್ತು. ಅದರಲ್ಲಿ ಬೀರಲಿಂಗಪ್ಪ ಬಾಕ್ಸಿನ ಮೇಲೆ ಕೈ ಇಟ್ಟು, ಏನೂ ಇಲ್ಲವೆಂದು ತಲೆಯಾಡಿಸಿ, ಹೊಲಕ್ಕೆ ಹೋಗಿಬಿಟ್ಟ. ಸಾವಕ್ಕ ನನ್ನ ಮೇಲೆ ಸಿಟ್ಟಾದಳು. “ಅವರನ್ನ ಇನ್ನೊಮ್ಮಿ ಹಂಗ ಕಳಸಬ್ಯಾಡ್ರಿ.” ಹರಿದು ಹಾಕಿದೆ.)

ದೊಡ್ಡದನ್ನೇ ತಂದಳು.

೪

(ಮೂರರಲ್ಲಿ ಬಸ್ಸಿನ ವರ್ಣನೆಯಿತ್ತು. ನಿಮಗೆ ಬೇಡ.)

ಟೇಪ್ ರೆಕಾರ್ಡರಿಗೆ ಆಂಪ್ಲಿಫೈಯರಿನ ವೈರು ಜೋಡಿಸಿ ಡೊಳ್ಳಿನ ಕ್ಯಾಸೆಟ್ ಹಾಕಿದಳು. ಗಂಡನ ಅಂಗೈಯನ್ನು ಬಾಕ್ಸಿನ ಮೇಲಿಟ್ಟು, ಹೆದರುತ್ತಲೇ ಗುಂಡಿ ತಿರುವಿದಳು. ಗೋಡೆಯ ಮಾಡದಲ್ಲಿದ್ದ ತಾಟುಗಳು ನಡುಗಿದವು. ಬೀರಲಿಂಗಪ್ಪ ಕಣ್ಣು ಮುಚ್ಚಿದ. ಈಗ ಅವನನ್ನು ಅಳಿಸೋಣವೆಂದು ನಾನು ಪೆನ್ನು ಎತ್ತಿದ್ದೆ. (ಕಣ್ಣೀರಿನ ಅಳಿಸುವುದು, ರಬ್ಬರಿನದಲ್ಲ.) ಅಷ್ಟರಲ್ಲಿ ಅವನೇ ಬಾಯಿಬಿಟ್ಟ.

“ಯಾಂವಲೇ ಇಂವಾ ಬಾರಸಾಂವಾ? ತಾಳ ಓಡಸಾಕ ಹತ್ಯಾನ!”

ನಕ್ಕ. ಜ್ವರದ ನಂತರ ಮೊದಲ ಸಲ. ನಗುತ್ತಲೇ ತಾನೇ ಗುಂಡಿ ಏರಿಸಿದ. ಇನ್ನೂ ಏರಿಸಿದ. ಡೊಳ್ಳಿನ ನಡುವೆ ತಗಡು ಹರಿದಂಥ ಸಪ್ಪಳ ಎದ್ದಿತು.

ಸಾವಕ್ಕ ಗಾಬರಿಯಾಗಿ ಇಳಿಸಿದಳು.

“ಡೊಳ್ಳ ನಿಂತತೇನ?” ಅಂದ ಅವನು.

ಇಲ್ಲವೆಂದು ಕೈ ಆಡಿಸಿದಳು.

“ನನಗ ನಿಂತೈತಿ.”

ಅವಳು ಬಾಕ್ಸಿನತ್ತ ಕಿವಿ ಕೊಟ್ಟು ಗುಂಡಿ ಹಿಡಿದಳು. ಆಮೇಲೆ ಕೂದಲೆಳೆಯಷ್ಟು ಏರಿಸಿದಳು. ಮತ್ತಷ್ಟು. ಅವನ ಬೆರಳು ಮತ್ತೆ ಕುಣಿಯತೊಡಗಿತು.

೫

ಒಂದು ಅಂತ್ಯದಲ್ಲಿ ಕಾಯಿಲ್ ಸುಡುತ್ತದೆ, ಅವನು ಮತ್ತೆ ಮೂಕನಾಗುತ್ತಾನೆ. ಇನ್ನೊಂದರಲ್ಲಿ ಎದ್ದು ಹೋಗಿ ಡೊಳ್ಳು ಹೆಗಲಿಗೇರಿಸುತ್ತಾನೆ. ಎರಡನ್ನೂ ಬರೆದಿದ್ದೇನೆ. ಯಾವುದು ಬೇಕೆಂದು ಸಾವಕ್ಕನನ್ನೇ ಕೇಳಿದೆ. ಅವಳು ಗುಂಡಿಯಿಂದ ಕೈ ತೆಗೆಯಲಿಲ್ಲ, ತಿರುಗಿಯೂ ನೋಡಲಿಲ್ಲ.

“ಈಗ ನೀವು ಮಾತಾಡಬ್ಯಾಡ್ರಿ. ಒಡಕ ಬಂದ್ರ ನನಗ ಕೇಳಬೇಕು.”