ಹತ್ತು ಮೀಟರಿನ ಚೌಕ

ಸಂಘಮಿತ್ರಾಳ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಅವತ್ತು ಅದು ಮೂಗು ಬಿಟ್ಟು ಬಾಯಿಗೆ ಇಳಿದಿತ್ತು.

"ಈ ನಕ್ಷೆಗೆ ನಾನು ಸಹಿ ಹಾಕಲ್ಲ ಸಾರ್."

ಮಾಲೀಕ ಸೇತುರಾಮ ಕನ್ನಡಕ ಒರೆಸಿಕೊಂಡ. ದೊಡ್ಡ ಮಳೆ ಬಂದರೆ ನೀರು ಎಲ್ಲಿಯತನಕ ನುಗ್ಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನಕ್ಷೆ ಮಾಡಿಕೊಡುವುದು ಬಸವೇಶ್ವರನಗರದ ಆ ಆಫೀಸಿನ ಕೆಲಸ; ಹೊರಗೆ ಹೋಗುವ ಪ್ರತಿ ನಕ್ಷೆಗೂ ಸಂಘಮಿತ್ರಾಳ ಸಹಿ ಬೇಕು. ಈಗ ಕೈಯಲ್ಲಿದ್ದದ್ದು ಕೆಂಗೇರಿಯ ರಾಜಕಾಲುವೆ. ನಕ್ಷೆಯಲ್ಲಿ ನೀಲಿ ಬಿದ್ದ ಕಡೆ ತಡೆಗೋಡೆ ಏಳುತ್ತದೆ, ಬಿಳಿ ಉಳಿದ ಕಡೆ ಇಲ್ಲ. ಹಿಟ್ಟಿನ ಗಿರಣಿ ಹಿಂದಿನ ಗಲ್ಲಿ ಬಿಳಿಯಾಗಿತ್ತು. ಹೋದ ಮಳೆಗಾಲದಲ್ಲಿ ಅದೇ ಗಲ್ಲಿಯ ಜನ ಮಂಚದ ಮೇಲೆ ಮಕ್ಕಳನ್ನು ಕೂರಿಸಿದ್ದ ವಿಡಿಯೋ ಊರೆಲ್ಲ ಸುತ್ತಾಡಿತ್ತು.

"ನೆಲಾನ ಹತ್ತು ಮೀಟರಿನ ಚೌಕ ಮಾಡಿದೀರ. ಗಲ್ಲಿ ಅಗಲ ಮೂರು ಮೀಟರೂ ಇಲ್ಲ. ಒಂದು ಚೌಕದಲ್ಲಿ ರಸ್ತೆ, ಮನೆ, ಕಾಂಪೌಂಡು ಎಲ್ಲಾ ಸೇರಿಸಿ ಸರಾಸರಿ ಹೊಡೆದ್ರೆ ಗಲ್ಲಿ ಎಲ್ಲಿ ಕಾಣುತ್ತೆ?"

"ಸಣ್ಣ ಚೌಕಕ್ಕೆ ಹೋದ್ರೆ ಕಂಪ್ಯೂಟರ್ ಮಕಾಡೆ ಮಲಗುತ್ತಮ್ಮ."

"ಲೆಕ್ಕ ದೊಡ್ಡ ಚೌಕದಲ್ಲೇ ಇರಲಿ. ನೀರಿನ ಮಟ್ಟ ಅಲ್ಲಿಂದ ತಗೊಂಡು, ನೆಲಾನ ಅರ್ಧ ಮೀಟರಿನ ಚೌಕ ಮಾಡಿ ಅದರ ಮೇಲೆ ನಕ್ಷೆ ತೆಗೀಬಹುದು. ಅದೂ ಕಾಲುವೆಯ ಎರಡು ದಂಡೆಗೆ ಮಾತ್ರ. ಸಾಫ್ಟ್‌ವೇರಲ್ಲಿ ಅದಕ್ಕೆ ದಾರಿ ಇದೆ. ನೀವು ಆ ಪುಟಾನೇ ತೆರೆದಿಲ್ಲ."

"ಸಂಜೆ ಪಾಲಿಕೆ ಇಂಜಿನಿಯರ್‌ಗೆ ಕಳಿಸ್ಬೇಕು. ಅಷ್ಟರಲ್ಲಿ ಏನು ಕಡಿದು ಕಟ್ಟೆ ಹಾಕ್ತೀಯೋ ಹಾಕು."

ಅವಳು ಕುರ್ಚಿ ಎಳೆದು ಕೂತಳು. ದಂಡೆಯುದ್ದಕ್ಕೂ ಗೆರೆ ಎಳೆದು, ಅದರೊಳಗೆ ಮಾತ್ರ ಅರ್ಧ ಮೀಟರಿನ ನಕ್ಷೆ ಬರುವಂತೆ ಹೊಂದಿಸಿ ಓಡಿಸಿದಳು. ನಕ್ಷೆ ಬಂತು. ಗಲ್ಲಿಯ ರಸ್ತೆ ನೂಲಿನಂತೆ ತೆಳ್ಳಗೆ ನೀಲಿಯಾಗಿತ್ತು. ಎರಡೂ ಬದಿಯ ಮನೆಗಳು ಮಾತ್ರ ಒಣಗಿ ಬೆಳ್ಳಗೆ ನಿಂತಿದ್ದವು.

ಸೇತುರಾಮ ಬೆನ್ನ ಹಿಂದಿನಿಂದ ಬಗ್ಗಿ ನೋಡಿ ನಕ್ಕ. "ನೋಡಮ್ಮ, ಮನೆಗಳೆಲ್ಲ ದ್ವೀಪ. ಕಾಲು ತೊಳ್ಕೊಳೋಕೆ ಬಾಗಿಲಿಗೇ ನೀರು. ಇದಕ್ಕೆ ಗೋಡೆ ಬೇಕಾ?"

ಅವಳ ಮುಖಕ್ಕೆ ರಾಚಿದಂತಾಯಿತು. ಗಲ್ಲಿಯನ್ನೇ ಅಳೆದು ನೋಡಲು ಟೇಪು ಬ್ಯಾಗಿಗೆ ತುರುಕಿ ಸ್ಕೂಟರ್ ಹತ್ತಿದಳು. ನಾಗರಭಾವಿ ದಾಟುವತನಕ ಸೇತುರಾಮನನ್ನು ಬೈದಳು, ಆಮೇಲೆ ಸಾಫ್ಟ್‌ವೇರ್ ಬರೆದವರನ್ನು ಬೈದಳು.

ಗಲ್ಲಿಯ ಮೊದಲ ಮನೆ ಪಾಪಮ್ಮನದು. ಹೊಸ್ತಿಲ ಮೇಲೆ ಕೂತು ಅವರೆಕಾಳು ಬಿಡಿಸುತ್ತಿದ್ದ ಮುದುಕಿ ತಲೆ ಎತ್ತಿ ನೋಡಿದಳು. ಅವಳ ನೆತ್ತಿ ರಸ್ತೆಯ ಡಾಂಬರಿಗಿಂತ ಸ್ವಲ್ಪವೇ ಮೇಲಿತ್ತು.

"ಫೋಟೋ ತೆಗ್ಯೋಕೆ ಬಂದ್ಯಾ? ತೆಕ್ಕೊಂಡು ಹೋಗು. ನಿನ್ ಮುಂಚೆ ಬಂದೋರ್ದೆಲ್ಲ ಚೆನ್ನಾಗ್ ಬಂದೈತಂತೆ."

"ಅಳತೆಗೆ ಬಂದೆ ಅಜ್ಜಿ. ನಿಮ್ಮನೆ ಯಾಕೆ ಇಷ್ಟು ಕೆಳಗಿದೆ?"

"ಮನೆ ಎಲ್ಲೂ ಹೋಗಿಲ್ಲ ಕಣವ್ವ. ಎಲೆಕ್ಷನ್ ಬಂದಾಗೆಲ್ಲ ಹಳೇ ಟಾರಿನ ಮೇಲೇ ಹೊಸ ಟಾರ್ ಸುರೀತಾರೆ. ರಸ್ತೆ ಬೆಳೀತು, ನಾವು ಬೆಳೀಲಿಲ್ಲ. ಒಳಿಕ್ ಬಾ, ಮೆಟ್ಲು ನೋಡ್ಕೊಂಡ್ ಇಳಿ."

ಸಂಘಮಿತ್ರಾ ಇಳಿಯಲಿಲ್ಲ. ಅಲ್ಲೇ ನಿಂತಳು. ಅವಳ ಊರಿನಲ್ಲಿ ಮನೆ ಎಂದರೆ ಮೊದಲು ಪಾಯ, ಅದರ ಮೇಲೆ ಜಗಲಿ, ಆಮೇಲೆ ಬಾಗಿಲು. ಬೀದಿಗಿಂತ ತಗ್ಗಿನಲ್ಲಿ ದನದ ಕೊಟ್ಟಿಗೆಯನ್ನೂ ಯಾರೂ ಕಟ್ಟುತ್ತಿರಲಿಲ್ಲ. ಆ ಧೈರ್ಯದ ಮೇಲೇ ಅವಳು, ಆಫೀಸಿನ ಎಲ್ಲ ನಕ್ಷೆಗಳಿಗೂ ಬಳಸುವ ಸೆಟ್ಟಿಂಗಿನಲ್ಲಿ ಒಂದು ಸಾಲು ಸೇರಿಸಿದ್ದಳು: ಪ್ರತಿ ಮನೆಯನ್ನೂ ರಸ್ತೆಗಿಂತ ಅರ್ಧ ಮೀಟರ್ ಎತ್ತರಿಸು. ಸೇತುರಾಮನ ದ್ವೀಪಗಳನ್ನು ಎಬ್ಬಿಸಿದವಳು ಅವಳೇ. ಎಷ್ಟು ಸಣ್ಣ ಚೌಕ ಮಾಡಿದರೂ ಸುಳ್ಳು ನೆಲ ಸುಳ್ಳನ್ನೇ ಸ್ಪಷ್ಟವಾಗಿ ತೋರಿಸುತ್ತದೆ.

ದಾರಿಯುದ್ದಕ್ಕೂ ಬೇರೆಯವರಿಗೆ ಹಂಚಿದ್ದ ಬೈಗುಳವನ್ನೆಲ್ಲ ತನಗೇ ಬಡಿಸಿಕೊಂಡಳು. ಆದರೆ ಸಿಟ್ಟು ತಣ್ಣಗಾಗಲಿಲ್ಲ, ಇನ್ನೂ ಏರಿತು.

"ಅಜ್ಜಿ, ಈ ಟೇಪಿನ ತುದಿ ಹಿಡ್ಕೊಳಿ."

"ಹಿಡ್ಕೊಂಡ್ರೆ ನೀರ್ ನಿಲ್ತದಾ?"

"ಗೊತ್ತಿಲ್ಲ. ಹಿಡ್ಕೊಳದಿದ್ರೆ ಖಂಡಿತ ನಿಲ್ಲಲ್ಲ."

ಮುದುಕಿ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕಳು. ಪ್ರತಿ ಬಾಗಿಲಿಗೂ ಅವಳೇ ಮುಂದಾಗಿ ಹೋದಳು. ರಸ್ತೆಯ ಅಂಚಿನಿಂದ ಹೊಸ್ತಿಲು ಎಷ್ಟು ತಗ್ಗು ಎಂದು ಇಬ್ಬರೂ ಅಳೆದರು. ಯಾವ ಮನೆಯೂ ರಸ್ತೆಗಿಂತ ಮೇಲಿರಲಿಲ್ಲ.

ಆಫೀಸಿಗೆ ಬಂದವಳೇ ಆ ಸಾಲನ್ನು ಕಿತ್ತು, ಅಳೆದ ಮಟ್ಟಗಳನ್ನು ತುಂಬಿ ಮತ್ತೆ ಓಡಿಸಿದಳು. ಈ ಸಲ ನೀಲಿ ರಸ್ತೆಯಲ್ಲಿ ನಿಲ್ಲಲಿಲ್ಲ. ಒಂದೊಂದೇ ಮನೆಯೊಳಗೆ ಇಳಿಯಿತು, ಒಳಗೆ ಹೋದಂತೆ ಬಣ್ಣ ಗಾಢವಾಯಿತು.

ಸೇತುರಾಮ ಮತ್ತೆ ಬಗ್ಗಿ ನೋಡಿದ. ಈ ಸಲ ನಗಲಿಲ್ಲ.

"ತಪ್ಪು ನಂದೇ ಸಾರ್," ಎಂದಳು. "ಎಲ್ಲ ಮನೇನೂ ಎತ್ತರ ಅಂದ್ಕೊಂಡಿದ್ದೆ. ಈಗ ಸರಿ ಇದೆ."

"ಸರಿ ಇದೆ. ಆದ್ರೆ ಗೋಡೆ ಗಿರಣಿ ಹತ್ರ ಮುಗಿಯುತ್ತೆ ಅಂತ ಆ ಇಂಜಿನಿಯರ್ ಆಗ್ಲೇ ಮೇಲಿನವರಿಗೆ ಹೇಳಿಬಿಟ್ಟಿದಾರೆ. ಒಂದು ಕೆಲಸ ಮಾಡೋಣ. ಹಳೇ ನಕ್ಷೆ ಮುಂದೆ ಇರಲಿ. ಇದನ್ನ ಅನುಬಂಧದಲ್ಲಿ ಹಾಕೋಣ."

"ಅನುಬಂಧ ಯಾರು ಓದ್ತಾರೆ ಸಾರ್? ನೀವು ಓದಿದೀರಾ ಯಾವತ್ತಾದ್ರೂ?"

"ಧ್ವನಿ ಇಳಿಸಮ್ಮ."

"ಇಳಿಸಲ್ಲ. ನನ್ನ ಸಹಿ ಇಲ್ಲದೆ ಈ ವರದಿ ಮೆಟ್ಟಿಲು ಇಳಿಯಲ್ಲ. ಈ ನಕ್ಷೆ ಮೊದಲ ಪುಟದಲ್ಲಿದ್ರೆ ಸಹಿ. ಇಲ್ಲಾಂದ್ರೆ ಬೇರೆಯವರನ್ನ ಹುಡುಕ್ಕೊಳಿ. ನಾಳೆ ನಾನೇ ಇಂಜಿನಿಯರ್ ಮುಂದೆ ಹೋಗಿ, ಹಳೇದು ಯಾಕೆ ತಪ್ಪು ಅಂತ ಹೇಳ್ತೀನಿ. ನನ್ನ ತಪ್ಪು ಅಂತಲೇ ಹೇಳ್ತೀನಿ, ನಂಗೇನು ನಾಚಿಕೆ."

ಸೇತುರಾಮ ಅವಳ ಮುಖ ನೋಡಿದ. ಹೇಳಿದ್ದನ್ನು ಮಾಡಿಯೇ ತೀರುವ ಹೆಂಗಸು. ನಿಟ್ಟುಸಿರುಬಿಟ್ಟು ಫೋನು ಎತ್ತಿಕೊಂಡ. ಅವಳು ಎದುರಿಗೇ ನಿಂತಳು.

"ನಮಸ್ಕಾರ ಸಾರ್... ಹೌದು, ರೆಡಿ ಇದೆ... ಒಂದು ಸಣ್ಣ ಬದಲಾವಣೆ. ಗೋಡೆ ಗಿರಣಿ ದಾಟಿ ಹಿಂದಿನ ಗಲ್ಲಿ ಮುಗಿಯೋವರೆಗೂ ಬರಬೇಕಾಗುತ್ತೆ." ಕೊನೆಯ ಮಾತನ್ನು ಅವನು ಗೊಣಗಿದಂತೆ ಹೇಳಿದ.

"ಜೋರಾಗಿ ಹೇಳಿ ಸಾರ್," ಎಂದಳು ಸಂಘಮಿತ್ರಾ. "ಅವರಿಗೆ ಕೇಳಿಸಿರಲ್ಲ."

ಸೇತುರಾಮ ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ, ಜೋರಾಗಿ ಹೇಳಿದ.