ಮುಟ್ಟಬೇಡಿ ಎಂದ ಮೇಲೆ

ಮುಂಜಾನೆಯ ಮಂಜು ಆ ಬೀದಿಯನ್ನು ಬಿಟ್ಟುಹೋಗಲು ಇನ್ನೂ ಮನಸ್ಸು ಮಾಡಿರಲಿಲ್ಲ. ಮುಚ್ಚಿದ ಅಂಗಡಿಗಳ ಕಬ್ಬಿಣದ ಬಾಗಿಲುಗಳ ಮೇಲೆ, ನೆನೆದ ಮಾಡುಗಳ ಮೇಲೆ, ಕಂಬದಿಂದ ಕಂಬಕ್ಕೆ ಹಾಯ್ದ ತಂತಿಗಳ ಮೇಲೆ ಶಿಶಿರದ ಧೂಸರಕಾಂತಿ ಮಂದಮಂದವಾಗಿ ಇಳಿಯುತ್ತಿತ್ತು. ತಂತಿಯಲ್ಲಿ ಸಾಲುಗಟ್ಟಿದ ಹನಿಗಳು ಬೆಳಕನ್ನು ಹೀರಿ, ಒಂದು ಕ್ಷಣ ಮುತ್ತಾಗಿ ಹೊಳೆದು, ಮರುಕ್ಷಣ ಕೆಸರಿಗೆ ಬಿದ್ದು ಕೆಸರೇ ಆಗಿಬಿಡುತ್ತಿದ್ದವು. ಆಹಾ, ಎಂಥ ರಮಣೀಯ ಪ್ರಭಾತ ಎನ್ನುವಿರಾ, ಸಹೃದಯರೇ? ಅನ್ನಿರಿ, ಅನ್ನಿರಿ... ಮೂಲೆಮನೆಯ ಕಿಟಕಿಯೊಳಗೆ, ಹೊಲಿಗೆ ಯಂತ್ರದ ಮುಂದೆ, ಮೆತ್ತನೆಯ ದಿಂಬಿನ ಮೇಲೆ ಒಂದು ಮಗ್ಗುಲಾಗಿ ಕುಳಿತಿದ್ದ ಹೆಂಗಸಿಗೆ ಮಾತ್ರ ಆ ಬೆಳಕಿನ ಮೇಲೆ ಕಡುಕೋಪವಿತ್ತು. ಬೆಳಗಾಯಿತೆಂದರೆ ಗಂಡ ಎದ್ದು ಬರುತ್ತಾನೆ, ಚಹಾ ಮಾಡುತ್ತಾನೆ, ಲೋಟವನ್ನು ಮೇಜಿನ ಅಂಚಿನಲ್ಲಿಟ್ಟು ಸರಕ್ಕನೆ ಹಿಂದೆ ಸರಿಯುತ್ತಾನೆ. ಆ ಹಿಂದೆ ಸರಿಯುವುದನ್ನು ಅವಳು ಕ್ಷಮಿಸಲಾರಳು.

ಅವಳು ಕೋಟು ಹೊಲಿಯುವ ದರ್ಜಿ. ಅವನು ವಿದ್ಯುತ್ ಕಂಬ ಹತ್ತುವ ಲೈನ್‌ಮನ್; ಮಾತು ಕಡಿಮೆ, ಎತ್ತರ ಹೆಚ್ಚು. ಪ್ರೀತಿಸಿದ ದಿನಗಳಲ್ಲೇ ಅವಳು ಅವನಿಗೆ ‘ಕಂಬ’ ಎಂದು ಹೆಸರಿಟ್ಟಿದ್ದಳು. ಕೆಲಸ ಮುಗಿಸಿ ಬಂದ ಕಂಬ ಅವಳ ಬೆನ್ನ ಹಿಂದೆ ನಿಂತು, ತಣ್ಣನೆಯ ಅಂಗೈಯನ್ನು ಅವಳ ಕತ್ತಿನ ಮೇಲಿಟ್ಟರೆ ಅವಳು “ಅಯ್ಯೋ ಶಾಕು!” ಎಂದು ಕಿರುಚುತ್ತಿದ್ದಳು. ದಾಂಪತ್ಯದ ಸಮಸ್ತ ಶೃಂಗಾರಕಾವ್ಯವೂ ಅವರಿಗೆ ಆ ಒಂದು ಕಿರುಚಿನಲ್ಲಿ ಅಡಗಿತ್ತು!

ಆಮೇಲೆ ಕಾಯಿಲೆ ಬಂತು. ಕ್ರೋನ್ಸ್ ಎಂದು ಅದರ ಹೆಸರು. ಕರುಳಿನಲ್ಲಿ ಉರಿಯಾಗಿ ಹುಟ್ಟಿ, ಹುಣ್ಣಾಗಿ ಇಳಿದು, ಕೊನೆಗೆ ಮಲದ ದಾರಿಗೂ ಹೆಣ್ಣಿನ ದಾರಿಗೂ ನಡುವಣ ತೆಳುಗೋಡೆಯನ್ನು ಕೊರೆದು ಕಳ್ಳಹಾದಿ ಮಾಡಿಕೊಂಡಿತು. ಬರಬಾರದ ಕಡೆಯಿಂದ ಗಾಳಿ ಬಂತು, ಕೀವು ಬಂತು, ಮಲವೂ ಬಂತು. ಮುಖ ಸಿಂಡರಿಸಬೇಡಿ, ಮಹನೀಯರೇ! ಕಮಲನಯನ, ಕೃಶಕಟಿ ಎಂದು ಹೆಣ್ಣಿನ ಮೈಯನ್ನು ಇಂಚಿಂಚಾಗಿ ವರ್ಣಿಸಿದಾಗ ಸುಖವಾಗಿ ತಲೆದೂಗಿದವರು ನೀವು. ಅದೇ ಮೈ ನೋಯುವಾಗ ಮೂಗು ಮುಚ್ಚಿಕೊಳ್ಳುವುದು ಯಾವ ಊರಿನ ರಸಿಕತೆ? ಶಸ್ತ್ರವೈದ್ಯೆ ಆ ಕಳ್ಳಹಾದಿಯೊಳಗೆ ಮೃದುವಾದ ದಾರವೊಂದನ್ನು ಪೋಣಿಸಿ, ಸಡಿಲವಾಗಿ ಗಂಟು ಹಾಕಿ ಬಿಟ್ಟಿದ್ದಳು. ಕೀವು ಒಳಗೇ ಕಟ್ಟಿಕೊಂಡು ಬಾವು ಆಗದಂತೆ, ದಾರದ ಗುಂಟ ಹೊರಗೆ ಹರಿದುಹೋಗಲೆಂದು ಆ ಏರ್ಪಾಡು.

ಆಸ್ಪತ್ರೆಯಿಂದ ಬಂದ ದಿನವೇ ಅವನು ಹಾಸಿಗೆಯನ್ನು ಹಜಾರಕ್ಕೆ ಎಳೆದುಕೊಂಡ. ಅವಳ ಬಟ್ಟೆ ಒಗೆದ, ಔಷಧಿ ತಂದ, ಗಂಜಿ ಬೇಯಿಸಿದ, ಅವಳನ್ನು ಮಾತ್ರ ಮುಟ್ಟಲಿಲ್ಲ. ಹೆಗಲನ್ನಲ್ಲ, ಬೆರಳನ್ನಲ್ಲ, ಲೋಟ ಇಡುವಾಗ ಕೈತಪ್ಪಿಯೂ ಅಲ್ಲ! ಇಡೀ ಚಳಿಗಾಲ ಹೀಗೆ ಕಳೆಯಿತು. ಅವಳು ಮೊದಲು ಅತ್ತಳು, ಆಮೇಲೆ ಅಳುವುದನ್ನು ಬಿಟ್ಟು ಜಗಳ ಹಿಡಿದಳು.

“ವಾಸನೆ ಬರುತ್ತೆ ಅಂತ ಬಾಯಿಬಿಟ್ಟು ಹೇಳ್ರೀ. ಹೇಳಿಬಿಟ್ರೆ ನನಗೂ ಸಮಾಧಾನ.”

“ನಾನೇನೂ ಅಂದಿಲ್ವಲ್ಲ.”

“ಅದೇ ನಿಮ್ಮ ದೊಡ್ಡಸ್ತಿಕೆ. ಕಂಬಕ್ಕೆ ಬಾಯಿ ಎಲ್ಲಿರುತ್ತೆ!”

ಅವನು ಉಪಕರಣಗಳ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ. ಅವಳು ಬಾಗಿಲಿಗೆ ಕೇಳಿಸುವಷ್ಟು ಗಟ್ಟಿಯಾಗಿ ಯಂತ್ರ ತುಳಿಯುತ್ತಿದ್ದಳು. ಬೇಕೆಂದೇ ಉಪ್ಪು ಸುರಿದು ಸಾರು ಮಾಡಿದಳು. ಅವನು ಉಸಿರೆತ್ತದೆ ಉಂಡ. ಅದರಿಂದ ಅವಳ ಸಿಟ್ಟು ಇನ್ನಷ್ಟು ಏರಿತು. ಕೊನೆಗೊಂದು ದಿನ ಅಕ್ಕನಿಗೆ ಫೋನು ಮಾಡಿ ಹೇಳಿದಳು: “ಮುಂದಿನ ತಪಾಸಣೆ ಮುಗಿಸ್ಕೊಂಡು ಅಲ್ಲಿಂದಲೇ ನಿಮ್ಮನೆಗೆ ಬಂದುಬಿಡ್ತೀನಿ ಕಣೇ. ಇಲ್ಲಿ ನಾನು ಹೆಂಡತಿಯಲ್ಲ, ಸೂತಕದ ಪಾತ್ರೆ.” ಗೋಡೆಯ ಆಚೆ ನಿಂತು ಅವನು ಕೇಳಿಸಿಕೊಂಡ. ತಡೆಯಲಿಲ್ಲ. ತಪಾಸಣೆಯ ದಿನ ಅವಳ ಚೀಲವನ್ನು ಅವನೇ ಹೊತ್ತು ತಂದ.

ಅಂದು ಮಧ್ಯಾಹ್ನದ ಮಳೆ ಆಸ್ಪತ್ರೆಯ ಗಾಜುಗಳಿಗೆ ಮುಖವೊತ್ತಿ ಅಳುತ್ತಿತ್ತು. ಪರದೆಯ ಹಿಂದೆ ಪರೀಕ್ಷೆ ಮುಗಿಸಿ ಬಂದ ವೈದ್ಯೆ ಕೈ ತೊಳೆಯುತ್ತ, ಔಷಧಿ ಹಿಡಿದಿದೆ, ಉರಿ ಇಳಿದಿದೆ, ದಾರ ಇನ್ನೂ ಕೆಲವು ಕಾಲ ಇರಲಿ ಎಂದಳು. ಆಮೇಲೆ, ದಿನಾ ಕೇಳುವ ಮಾತೆಂಬಂತೆ ಕೇಳಿದಳು:

“ಗಂಡ-ಹೆಂಡತಿ ಹೇಗಿದ್ದೀರಿ? ಕೂಡೋದಕ್ಕೆ ಆತುರ ಬೇಡ, ಅದು ನೋವಿಲ್ಲದಾಗ, ಇವರಿಗೆ ಮನಸ್ಸಾದಾಗ. ತಬ್ಬಿಕೊಳ್ಳೋದು, ಒಟ್ಟಿಗೆ ಮಲಗೋದು ಇದೆ ತಾನೆ?”

ಅವಳು ನೆಲ ನೋಡಿದಳು. ಅವನು ಬಾಯಿ ತೆರೆದ.

“ನೀವೇ ಹೇಳಿದ್ರಲ್ಲ ಡಾಕ್ಟ್ರೇ. ಆಪರೇಷನ್ ದಿನ. ದಾರ ಇರೋವರೆಗೂ ಮುಟ್ಟೋ ಹಾಗಿಲ್ಲ ಅಂತ.”

ವೈದ್ಯೆಯ ಕೈಯಲ್ಲಿದ್ದ ಟವೆಲು ಹಾಗೇ ನಿಂತಿತು. “ದಾರಾನ ಕಣ್ರೀ! ದಾರಾನ ಮುಟ್ಟಬೇಡಿ ಅಂದೆ, ಅದೂ ಇವರಿಗೆ. ಇವರು ದರ್ಜಿ, ನೇತಾಡೋ ದಾರ ಕಂಡ್ರೆ ಕತ್ತರಿ ಎತ್ಕೋತಾರೆ ಅಂತ ನಗಾಡಿದ್ದು. ಹೆಂಡತೀನ ಮುಟ್ಟಬೇಡಿ ಅಂತ ನಾನ್ಯಾಕೆ ಹೇಳ್ಲಿ?”

ಇಲ್ಲಿ ಇಬ್ಬರೂ ನಕ್ಕು, ಅತ್ತು, ಪರಸ್ಪರ ಬಾಹುಬಂಧನದಲ್ಲಿ ಕರಗಿಹೋದರೆಂದು ಬರೆದರೆ ನಿಮಗೆ ಹಿತವಾಗುತ್ತಿತ್ತೇನೋ. ಆದರೆ ಆಸ್ಪತ್ರೆಯ ಉದ್ದನೆಯ ಹಜಾರಕ್ಕೆ ಬಂದ ಕೂಡಲೇ ಅವಳು ಅವನ ಮೇಲೆ ಉರಿದುಬಿದ್ದಳು. ಬೆಂಚುಗಳಲ್ಲಿ ಕುಳಿತವರೆಲ್ಲ ತಿರುಗಿ ನೋಡಿದರು.

“ಕತ್ತಿನಲ್ಲಿ ದಾರ ಇತ್ತಾ? ಕೈಬೆರಳಲ್ಲಿ ಇತ್ತಾ? ಒಂದು ಮಾತು ಕೇಳೋದಕ್ಕೆ ಏನಾಗಿತ್ತು ನಿಮಗೆ?”

“ನಮ್ಮ ಕೆಲಸದಲ್ಲಿ... ಮುಟ್ಟಬೇಡಿ ಅಂತ ಬೋರ್ಡು ಹಾಕಿದ್ರೆ ಯಾರೂ ಯಾಕೆ ಅಂತ ಕೇಳಲ್ಲ. ಕೇಳಿದವರು ಉಳಿಯಲ್ಲ.”

“ನಾನು ತಂತಿನಾ?”

ಮಳೆಯ ಮಬ್ಬು ಬೆಳಕು ಅವನ ಉದ್ದನೆಯ ಮುಖದ ಮೇಲೆ ಬಿದ್ದು, ಆ ಮುಖ ಹಠಾತ್ತನೆ ಮುದಿಯಾದಂತೆ ಕಂಡಿತು. ಕೆಲಸದ ಅಭ್ಯಾಸ ಎಂದು ಹೇಳಿ ಅಲ್ಲಿಗೇ ನಿಲ್ಲಿಸಬಹುದಿತ್ತು. ಯಾಕೋ ನಿಲ್ಲಿಸಲಿಲ್ಲ.

“ಪೂರ್ತಿ ಅದೇ ಅಲ್ಲ,” ಎಂದ. “ಅವರು ಹಾಗಂದಾಗ ನನಗೆ ಒಂಚೂರು ನಿರಾಳ ಆಯ್ತು. ಹೆದರಿಕೆ ಆಗಿತ್ತು ನನಗೆ. ಆ ಗಾಯ ನೋಡಿ... ಒಂದೊಂದು ಸಲ ಅಸಹ್ಯಾನೂ ಆಗಿತ್ತು. ಅದಕ್ಕೇ ತಿರುಗಿ ಕೇಳಲಿಲ್ಲ.”

ಅವಳು ಒಂದು ಹೆಜ್ಜೆ ಮುಂದೆ ಬಂದಳು. ಹೊಡೆಯುತ್ತಾಳೆಂದು ಅವನು ಅಂದುಕೊಂಡ. ಹೊಡೆಯಬೇಕೆಂದು ಅವಳೂ ಅಂದುಕೊಂಡಿದ್ದಳು. ಇಡೀ ಶಿಶಿರದಲ್ಲಿ ಅವಳು ಕೆದಕಿ ಕೆದಕಿ ಕೇಳಿದ್ದು ಇದೇ ಮಾತನ್ನಲ್ಲವೇ? ಈಗ ಅದು ಎದೆಗೆ ಬಂದು ತಾಗಿತ್ತು, ಭಯಂಕರವಾಗಿ ನೋಯುತ್ತಿತ್ತು. ಆದರೆ ಬಹುಕಾಲದ ನಂತರ ಆ ಮನೆಯ ಗಂಡಸಿನ ಬಾಯಿಂದ ಅವಳು ನಂಬಬಹುದಾದ ಮಾತು ಬಂದಿತ್ತು.

“ನನಗಾಗಲ್ವಾ ಅಸಹ್ಯ?” ಎಂದಳು, ದನಿ ಇಳಿಸಿ. “ನನ್ನ ಮೈ ಮೇಲೆ ನನಗೇ ಆಗುತ್ತೆ. ನಿಮ್ಮ ಹಾಗೆ ನಾನು ಈ ಮೈ ಬಿಟ್ಟು ಎದ್ದು ಹಜಾರಕ್ಕೆ ಹೋಗಿ ಮಲಗೋಕಾಗುತ್ತಾ?”

ಆಗ ಅವಳ ಫೋನು ಮೊಳಗಿತು. ಅಕ್ಕ. ಬಸ್ಸು ಹತ್ತಿದೆಯಾ, ಅನ್ನ ಇಡಲಾ ಎಂದು ಕೇಳುತ್ತಿದ್ದಳು. ಅವನು ಅವಳ ಚೀಲವನ್ನು ಎದೆಗವಚಿ ಹಿಡಿದು ನಿಂತಿದ್ದ. ಕೊಡಲೂ ಇಲ್ಲ, ಬಚ್ಚಿಡಲೂ ಇಲ್ಲ.

“ಇವತ್ತು ಬರಲ್ಲ ಕಣೇ,” ಎಂದಳು ಅವಳು, ಅವನನ್ನೇ ದುರುಗುಟ್ಟಿ ನೋಡುತ್ತ. “ಇಲ್ಲ, ರಾಜಿ ಗೀಜಿ ಏನೂ ಇಲ್ಲ. ಜಗಳ ಇನ್ನೂ ಮುಗಿದಿಲ್ಲ, ಅದಕ್ಕೆ.”

ಹೊರಗಿನ ಮೆಟ್ಟಿಲುಗಳು ಮಳೆಗೆ ಜಾರುತ್ತಿದ್ದವು. ಅವನು ಕೈ ಚಾಚಿದ. ಅವಳು ಆ ಕೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಳು. ಅವನಿಗೆ ನೋಯಿತು; ಬಿಡಿಸಿಕೊಳ್ಳಲಿಲ್ಲ. ಕೆಳಗಿನ ಮೆಟ್ಟಿಲು ಮುಟ್ಟುವವರೆಗೂ ಅವಳು ಬೈಯುತ್ತಲೇ ಇದ್ದಳು.

ಅನುರಾಗವೆಂದರೆ ಸದಾ ಮಧುರವಾಣಿಯೆಂದು ನಮಗೆ ಯಾರು ಕಲಿಸಿದರೋ, ಸಹೃದಯರೇ! ಬೈಗುಳವನ್ನು ಅಪರಿಚಿತರ ಮೇಲೆ ಯಾರೂ ಇಷ್ಟು ಧಾರಾಳವಾಗಿ ಖರ್ಚು ಮಾಡುವುದಿಲ್ಲ. ನೊಂದ ಮೈ ಬೇಡುವುದು ಪೂಜೆಯನ್ನಲ್ಲ, ಕರುಣೆಯನ್ನೂ ಅಲ್ಲ... ತನ್ನನ್ನು ಕಂಡು ಹೆದರಿದವನು ಹೆದರಿದೆನೆಂದು ಹೇಳಿ, ಹೆದರುತ್ತಲೇ ಹತ್ತಿರ ನಿಲ್ಲುವುದನ್ನು. ಅಷ್ಟಾದರೆ ಮನುಷ್ಯಹೃದಯ ತನ್ನ ಕೋಪವನ್ನು ಇಳಿಸಲು ಅವಸರಪಡುವುದಿಲ್ಲ. ಕೋಪದ ಜೊತೆಗೇ ಮನೆಗೆ ಮರಳುತ್ತದೆ.